ನಾರ್ಮಲ್ ನೋವು

ನಮ್ಮ ಬೀದಿಯ ಕೊನೆಯ ಕಟ್ಟಡದ ಮಹಡಿಯಲ್ಲಿ ಮೊದಲು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಅದು ಮುಚ್ಚಿದ ಮೇಲೆ ಟ್ಯೂಷನ್ ಸೆಂಟರ್ ಬಂತು. ಅದೂ ಹೋಗಿ, ಕಿಟಕಿಗಳಿಗೆಲ್ಲ ಕಪ್ಪು ಗಾಜು ಕೂತು, ‘ಮಹಿಳೆಯರಿಗೆ ಮಾತ್ರ – ವ್ಯಾಯಾಮ ತರಗತಿ’ ಎಂಬ ಬೋರ್ಡು ಏರಿತು. ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಒಳಗಿನಿಂದ ಧಡ್ ಧಡ್ ಎನ್ನುವ ಸದ್ದು ಮಾತ್ರ ಬರುತ್ತದೆ. ಇಂಥ ಜಾಗವನ್ನು ನಾನು ನಂಬುವವಳಲ್ಲ. ಗಾಂಧಿ ಬಜಾರಿಗೆ ಹೂವು ತರಕಾರಿಗೆಂದು ಹೊರಟಾಗಲೆಲ್ಲ ಅಲ್ಲಿ ಒಂದು ಕ್ಷಣ ನಿಂತು, ಮೇಲೆ ನೋಡಿ, ಮುಂದೆ ಹೋಗುತ್ತಿದ್ದೆ.

ಈ ಅನುಮಾನದ ಸ್ವಭಾವಕ್ಕೆ ನನ್ನ ಕೆಲಸವೂ ಸ್ವಲ್ಪ ಕಾರಣ. ನಾನು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಪರೀಕ್ಷೆ ಬಂತೆಂದರೆ ನಕಲು ಹಿಡಿಯುವ ದಳಕ್ಕೆ ನನ್ನನ್ನು ಹಾಕುತ್ತಾರೆ. ಚೀಟಿ ಇಟ್ಟುಕೊಂಡವಳನ್ನು ಹುಡುಕುವುದು ಕಷ್ಟವಲ್ಲ. ನಾವು ಬಾಗಿಲಲ್ಲಿ ಕಾಣಿಸಿದ ಕೂಡಲೇ ಕೋಣೆಯಲ್ಲಿರುವವರೆಲ್ಲ ತಲೆ ಎತ್ತುತ್ತಾರೆ, ಚೀಟಿ ಇರುವವಳು ಮಾತ್ರ ಎತ್ತುವುದಿಲ್ಲ. ಅವಳು ತುಂಬ ಶ್ರದ್ಧೆಯಿಂದ ಬರೆಯುತ್ತಿರುತ್ತಾಳೆ. ಇಂಥದ್ದನ್ನು ವರ್ಷಗಟ್ಟಲೆ ನೋಡಿದ ಕಣ್ಣು ಮನೆಗೆ ಬಂದ ಮೇಲೆ ಸುಮ್ಮನಿರುತ್ತದೆಯೇ? ‘ನೀನು ದೇವರ ಪ್ರಸಾದಾನೂ ಮೂಸಿ ನೋಡಿ ತಿನ್ನೋಳು’ ಎಂದು ಅಕ್ಕ ಆಡಿಕೊಳ್ಳುತ್ತಾಳೆ. ನಾನು ಮದುವೆಯಾಗದೆ ಉಳಿದದ್ದಕ್ಕೂ ಬಂಧುಗಳು ಇದೇ ಕಾರಣ ಕೊಡುತ್ತಾರೆ.

ಅಕ್ಕ ನನಗಿಂತ ಸ್ವಲ್ಪವೇ ದೊಡ್ಡವಳು. ನಮ್ಮಪ್ಪನ ಹಳೆಯ ಮನೆಯನ್ನು ಕೆಡವಿ ಕಟ್ಟಿಸಿದ ಕಟ್ಟಡದಲ್ಲಿ ಮೇಲಿನ ಮಹಡಿಯಲ್ಲಿ ಅವಳು ಮತ್ತು ಭಾವ, ಕೆಳಗೆ ನಾನು. ಬೆಳಗಿನ ಕಾಫಿ ನಮ್ಮ ಮನೆಯಲ್ಲಿ, ಸಂಜೆಯದು ಅವರ ಮನೆಯಲ್ಲಿ. ಅಮ್ಮ ಹೋದ ಮೇಲೆ ಹಾಗೇ ನಡೆದುಕೊಂಡು ಬಂದಿದೆ. ಅಕ್ಕ ಕಾಲೇಜಿನಲ್ಲಿದ್ದಾಗ ಖೊಖೊ ಆಡುತ್ತಿದ್ದಳು. ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತವಳು ಬೆನ್ನಿಗೆ ‘ಖೋ’ ಬಿದ್ದ ಕೂಡಲೇ ಬಾಣದ ಹಾಗೆ ಚಿಮ್ಮುವುದನ್ನು ನಾನು ಮೈದಾನದ ಅಂಚಿನಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು ನೋಡಿದ್ದೇನೆ. ಸೋಲುವುದು ಅವಳಿಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಚೌಕಾಬಾರ ಆಡುವಾಗಲೂ ಅಷ್ಟೇ.

ಕಪ್ಪು ಗಾಜಿನ ಒಳಗೆ ನಾನು ಹೋಗಬೇಕಾಗಿ ಬಂದದ್ದು ನನ್ನ ಮೂಳೆಯಿಂದ. ಸ್ಕ್ಯಾನ್ ನೋಡಿದ ಡಾಕ್ಟರು, ‘ಮೂಳೆ ಸವೀತಾ ಇದೆ. ಬರೀ ವಾಕಿಂಗ್ ಸಾಲಲ್ಲ, ಭಾರ ಎತ್ತೋ ವ್ಯಾಯಾಮ ಮಾಡ್ಬೇಕು’ ಎಂದರು. ಆ ಡಾಕ್ಟರಿಗೂ ಆ ತರಗತಿಗೂ ಏನಾದರೂ ನಂಟಿದೆಯೇ ಎಂದು ಮೊದಲು ವಿಚಾರಿಸಿದೆ. ಇರಲಿಲ್ಲ. ಸೇರುತ್ತೇನೆ ಎಂದು ಅಕ್ಕನಿಗೆ ಹೇಳಿದಾಗ, ‘ನೀನೊಬ್ಳೇ ಹೋದ್ರೆ ಅಲ್ಲೇನಾದ್ರೂ ಜಗಳ ತೆಗೀತೀಯ. ನಾನೂ ಬರ್ತೀನಿ’ ಎಂದಳು. ನಾನು ಮಾಡುವ ಕೆಲಸವೊಂದನ್ನು ತಾನು ಮಾಡದೆ ಬಿಡುವುದು ಅವಳಿಂದ ಆಗದ ಮಾತು ಎಂಬುದು ನನಗೆ ಗೊತ್ತಿತ್ತು.

ಕಲಿಸುವ ಹುಡುಗಿಗೆ ಮೂವತ್ತರ ಒಳಗಿನ ವಯಸ್ಸು. ಕೂದಲು ಎತ್ತಿ ಕಟ್ಟಿ, ಗಟ್ಟಿ ಗಂಟಲಲ್ಲಿ ನಗುನಗುತ್ತ ಮಾತಾಡುವವಳು. ಮೊದಲ ದಿನ ಕೂರಿಸಿ ಏಳಿಸಿದಳು, ಪುಟ್ಟ ಡಂಬೆಲ್ ಕೊಟ್ಟು ಎತ್ತಿಸಿದಳು. ಇಷ್ಟೇನಾ ಎನ್ನಿಸಿತು. ಮರುದಿನವೂ ಏನೂ ಇಲ್ಲ. ಅದರ ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟೆ ನೋಡಿ, ತೊಡೆಗಳನ್ನು ಯಾರೋ ಒನಕೆಯಲ್ಲಿ ಕುಟ್ಟಿ ಇಟ್ಟ ಹಾಗಿತ್ತು. ಕಾಲೇಜಿನ ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದೆ. ಮಕ್ಕಳು ನೋಡಿ ನಕ್ಕರು.

ತರಗತಿಗೆ ಹೋಗಿ ಆ ಹುಡುಗಿಯನ್ನು ಕೇಳಿದೆ.

‘ಮ್ಯಾಮ್, ಅದು ನಾರ್ಮಲ್ ಮ್ಯಾಮ್. ಅಭ್ಯಾಸ ಇಲ್ದೇ ಇದ್ದಾಗ ಮಸಲ್ಸ್ ಒಳಗೆ ಸಣ್ಣಸಣ್ಣದಾಗಿ ಹರಿಯತ್ತೆ. ಆಮೇಲೆ ರಿಪೇರಿ ಆಗಿ ಮೊದಲಿಗಿಂತ ಸ್ಟ್ರಾಂಗ್ ಆಗತ್ತೆ.’

‘ಅಂದ್ರೆ ನೀವೇ ಹರಿದು ನೀವೇ ಹೊಲಿಯೋದಾ?’

‘ಹೊಲಿಯೋದು ನಾನಲ್ಲ ಮ್ಯಾಮ್, ನಿಮ್ ಬಾಡಿನೇ’ ಎಂದು ನಕ್ಕಳು.

ಹೊಲಿಗೆಗೆ ಸಹಾಯ ಮಾಡುವವರು ಆಮೇಲೆ ಒಬ್ಬೊಬ್ಬರಾಗಿ ಹುಟ್ಟಿಕೊಂಡರು. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬಾಕೆ ಐಸ್ ತುಂಬಿದ ಟಬ್ಬಿನಲ್ಲಿ ಕೂರಿ ಎಂದಳು. ಇನ್ನೊಬ್ಬಾಕೆ ಗೋಡೆ ಕೊರೆಯುವ ಮೆಷಿನ್ನಿನಂಥ ಒಂದು ವಸ್ತುವನ್ನು ತೊಡೆಗೆ ಹಿಡಿದು ಗರಗರ ಎನ್ನಿಸುತ್ತ ತನ್ನದೇ ವಿಡಿಯೋ ಹಾಕಿದಳು. ಕಿತ್ತಳೆ ಬಣ್ಣದ ಒಂದು ಪುಡಿಯ ಮಾತು ಬಂತು; ಆ ಪುಡಿ ಮಾರುವವಳು ಅದನ್ನು ಹೊಗಳಿದವಳ ನಾದಿನಿ ಎಂದು ಪತ್ತೆ ಹಚ್ಚಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಭಾವ ಕಾಮರ್ಸ್ ಅಧ್ಯಾಪಕರಾಗಿ ನಿವೃತ್ತರಾದವರು. ಶರೀರದ ಯಾವ ಭಾಗಕ್ಕೆ ಏನಾದರೂ ಅವರ ಬಳಿ ಒಂದು ಎಣ್ಣೆ, ಒಂದು ಮಾತ್ರೆ ಇದ್ದೇ ಇರುತ್ತದೆ. ಚಾಮರಾಜಪೇಟೆಯ ಗ್ರಂಥಿಗೆ ಅಂಗಡಿಯಿಂದ ಕಪ್ಪಗೆ ಮಂದವಾದ ತೈಲ ತಂದು, ‘ಇದನ್ನ ಹಚ್ಚಿ ಬಿಸಿನೀರಲ್ಲಿ ಕಾವು ಕೊಡು. ಬೆಳಿಗ್ಗೆ ಹೊತ್ತಿಗೆ ಓಡಾಡ್ತೀಯ’ ಎಂದರು.

ನಾನು ಎಡಗಾಲಿಗೆ ಹಚ್ಚಿದೆ. ಬಲಗಾಲನ್ನು ಹಾಗೇ ಬಿಟ್ಟೆ. ಎಡಗಾಲಿಗೆ ಕಾವು ಕೊಡುವಾಗ ಹಿತವಾಗಿತ್ತು, ಸುಳ್ಳು ಹೇಳಬಾರದು. ಆದರೆ ನೋವು ಎರಡೂ ಕಾಲಿನಿಂದ ಒಟ್ಟಿಗೇ ಇಳಿಯಿತು. ಭಾವನಿಗೆ ವರದಿ ಒಪ್ಪಿಸಿದೆ.

‘ಬಲಗಾಲಿಗೂ ಎಡಗಾಲಿಗೂ ಒಂದೇ ರಕ್ತ ತಾನೇ ಹೋಗೋದು? ಎಣ್ಣೆ ಅಲ್ಲಿಗೂ ಹೋಗಿರತ್ತೆ ಬಿಡು’ ಎಂದರು.

ಅವರನ್ನು ವಾದದಲ್ಲಿ ಗೆದ್ದವರಿಲ್ಲ. ಆದರೆ ಒಂದು ವಿಷಯ ನನಗೆ ಮನದಟ್ಟಾಯಿತು. ನೋವಿದ್ದಾಗ ಮಲಗಿಕೊಂಡರೆ ಮೈ ಇನ್ನೂ ಬಿಗಿಯುತ್ತಿತ್ತು. ಹೂವು ತರಲು ಬಜಾರಿನವರೆಗೆ ನಿಧಾನವಾಗಿ ಹೋಗಿ ಬಂದರೆ ಸಡಿಲವಾಗುತ್ತಿತ್ತು. ಆಮೇಲಾಮೇಲೆ ತರಗತಿಯ ನೋವು ಮೊದಲಿನಷ್ಟು ಬರಲೇ ಇಲ್ಲ. ನಾರ್ಮಲ್ ಎಂದು ಆ ಹುಡುಗಿ ಹೇಳಿದ್ದು ನಿಜವೇ ಇರಬಹುದು ಎಂದುಕೊಂಡೆ. ಆದರೂ ಆ ಪದ ಅವಳ ಬಾಯಿಂದ ತೀರ ಸಲೀಸಾಗಿ ಬರುತ್ತಿತ್ತು. ಯಾರಿಗೆ ಏನಾದರೂ ನಾರ್ಮಲ್. ಮಂಡಿ ಕಟಕಟ ಎಂದರೂ ನಾರ್ಮಲ್, ತಲೆ ತಿರುಗಿದರೂ ನಾರ್ಮಲ್. ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಬರೆಯುವ ವಿದ್ಯಾರ್ಥಿನಿಗೆ ನಾನು ಅಂಕ ಕೊಡುವುದಿಲ್ಲ.

ಬೇಸಿಗೆ ರಜೆ ಶುರುವಾಗಿ, ಸೆಖೆ ಏರಿದ್ದಾಗ ತರಗತಿಯ ವಾರ್ಷಿಕೋತ್ಸವ ಬಂತು. ಬಾಗಿಲಿಗೆ ಬಲೂನು ಕಟ್ಟಿದ್ದರು. ಅಂದು ಬಸ್ಕಿ ಸ್ಪರ್ಧೆ. ಹಾಡಿನ ತಾಳಕ್ಕೆ ಎಲ್ಲರೂ ಬಸ್ಕಿ ಹೊಡೆಯುತ್ತ ಹೋಗಬೇಕು. ಸುಸ್ತಾದವರು ಗೋಡೆಗೆ ಒರಗಿ ಕೂರಬೇಕು. ಕೊನೆಗೆ ಉಳಿದವಳು ಗೆದ್ದ ಹಾಗೆ. ಅಂದೇ ಸಂಕಷ್ಟಿ ಕೂಡ. ಅಕ್ಕನ ಸಂಕಷ್ಟಿ ನನ್ನದರಂತಲ್ಲ. ನಾನು ಅನ್ನ ಬಿಟ್ಟು ಕಾಫಿ ಕುಡಿಯುತ್ತ ಮಾಡುತ್ತೇನೆ. ಅವಳು ಚಂದ್ರ ಕಾಣುವವರೆಗೆ ಒಂದು ತೊಟ್ಟು ನೀರೂ ಮುಟ್ಟುವುದಿಲ್ಲ.

‘ಇವತ್ತು ನೀನು ಸ್ಪರ್ಧೆಗೆ ನಿಲ್ಬೇಡ. ಹೊಟ್ಟೇಲಿ ಏನೂ ಇಲ್ಲ, ನೀರೂ ಇಲ್ಲ’ ಎಂದೆ.

‘ಉಪವಾಸ ಇದ್ದಾಗ ಮೈ ಹಗುರ ಇರತ್ತೆ ಕಣೇ’ ಎಂದಳು.

ನಾನು ಬೇಗನೆ ಗೋಡೆ ಸೇರಿದೆ. ನನ್ನ ಪಕ್ಕಕ್ಕೆ ಒಬ್ಬೊಬ್ಬರಾಗಿ ಬಂದು ಕುಸಿದು ಕೂತರು. ಹಾಡುಗಳು ಬದಲಾಗುತ್ತ ಹೋದವು. ಕೊನೆಗೆ ಅಕ್ಕ ಮತ್ತು ಅವಳಿಗೆ ಮಗಳಾಗುವಷ್ಟು ಚಿಕ್ಕ ವಯಸ್ಸಿನ ಒಬ್ಬಾಕೆ ಮಾತ್ರ ಉಳಿದರು. ಅಕ್ಕನ ಮುಖ ಕೆಂಪಗೆ ಕಾದಿತ್ತು, ಆದರೆ ಬೆವರು ಹರಿಯುವುದು ನಿಂತುಹೋಗಿತ್ತು. ಅದು ನನಗೆ ಸರಿ ಕಾಣಲಿಲ್ಲ. ‘ಸಾಕು ಕಣೇ’ ಎಂದು ಕೂಗಿದೆ. ಚಪ್ಪಾಳೆಯ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಎದುರಿನಾಕೆ ನಗುತ್ತ ಕೈ ಎತ್ತಿ ಕೂತಳು. ಅಕ್ಕ ಕೂರಲಿಲ್ಲ, ಗೆದ್ದ ಮೇಲೂ ಹಾಡು ಮುಗಿಯುವವರೆಗೆ ಹೊಡೆಯುತ್ತಲೇ ಇದ್ದಳು. ಬಹುಮಾನ ಒಂದು ಸ್ಟೀಲಿನ ನೀರಿನ ಬಾಟಲಿ. ಅದರ ತುಂಬ ತಣ್ಣನೆಯ ನೀರು ತುಂಬಿಸಿಯೇ ಕೊಟ್ಟರು. ಅಕ್ಕ ಅದನ್ನು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡಳು, ಕುಡಿಯಲಿಲ್ಲ. ಚಂದ್ರ ಬರುವುದಕ್ಕೆ ಇನ್ನೂ ಬಹಳ ಹೊತ್ತಿತ್ತು.

ಮರುದಿನ ಕಾಫಿಗೆ ಕಂಬಿ ಹಿಡಿದುಕೊಂಡು ಇಳಿದು ಬಂದಳು. ನೋವು ಎಂದಳು, ಆದರೆ ಹೆಮ್ಮೆಯಿಂದ ಹೇಳಿದಳು. ಭಾವ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದುಕೊಟ್ಟರು. ಅದರ ಮರುದಿನ ಅವಳು ಕಾಫಿಗೆ ಬರಲಿಲ್ಲ. ಭಾವ ಒಬ್ಬರೇ ಫ್ಲಾಸ್ಕ್ ಹಿಡಿದು ಬಂದರು.

‘ಇಳಿಯೋಕಾಗಲ್ವಂತೆ. ಮೇಲಕ್ಕೇ ತರೋಕೆ ಹೇಳಿದ್ಲು.’

‘ನಾನೇ ತರ್ತೀನಿ’ ಎಂದು ಮೆಟ್ಟಿಲು ಹತ್ತಿದೆ.

ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಅವಳ ನಗು ಕಂಡ ಕೂಡಲೇ ನನಗೆ ಏನೋ ಅನ್ನಿಸಿತು. ನೋವಿದ್ದವರು ಗೊಣಗಬೇಕು. ಇವಳು ನಾನು ಬಂದದ್ದೇ ಹೂವಿನ ರೇಟು, ಪಕ್ಕದ ಮನೆಯವರ ಹೊಸ ಕಾರು, ಮಾವಿನಹಣ್ಣು ಬಂತೋ ಇಲ್ಲವೋ ಎಂದು ಒಂದೇ ಸಮ ಮಾತಾಡತೊಡಗಿದಳು. ತಲೆ ಎತ್ತದೆ ಬರೆಯುವ ಹುಡುಗಿಯ ಹಾಗೆ.

‘ಕಾಲು ತೋರ್ಸು’ ಎಂದೆ.

‘ಏನಿದೆ ನೋಡೋಕೆ? ನಾರ್ಮಲ್. ಅವಳೇ ಹೇಳಿದ್ಲಲ್ಲ, ಎರಡನೇ ದಿನ ಜಾಸ್ತಿ ಇರತ್ತೆ ಅಂತ.’

ಬಲವಂತವಾಗಿ ನೈಟಿ ಸರಿಸಿ ನೋಡಿದೆ. ತೊಡೆಗಳು ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಮುಟ್ಟಿದರೆ ಹಸಿ ತೆಂಗಿನಕಾಯಿಯಷ್ಟು ಗಟ್ಟಿ. ಕಾಲು ಎತ್ತು ಎಂದರೆ ಹಿಮ್ಮಡಿ ಹಾಸಿಗೆಯಿಂದ ಮೇಲೇಳಲಿಲ್ಲ. ನನ್ನ ನೋವು ಹೀಗಿರಲಿಲ್ಲ. ನನಗೆ ನೋವಿತ್ತು, ಆದರೆ ಕಾಲು ಹೇಳಿದ ಮಾತು ಕೇಳುತ್ತಿತ್ತು.

ಕಲಿಸುವ ಹುಡುಗಿಗೆ ಫೋನ್ ಮಾಡಿದೆ. ‘ಅಷ್ಟು ಬಸ್ಕಿ ಹೊಡೆದಿದಾರಲ್ವಾ ಮ್ಯಾಮ್, ನೋವು ಇದ್ದೇ ಇರತ್ತೆ. ರೋಲರ್ ಹಾಕಿ ಚೆನ್ನಾಗಿ ಒತ್ತಿ. ಸ್ವಲ್ಪ ಸ್ಟ್ರೆಚ್ ಮಾಡ್ಸಿ. ಡೋಂಟ್ ವರಿ’ ಎಂದಳು.

‘ಕಾಲು ಎತ್ತೋಕಾಗ್ತಿಲ್ಲ ಅವಳಿಗೆ.’

‘ನಾರ್ಮಲ್ ಮ್ಯಾಮ್.’

ಫೋನ್ ಇಟ್ಟು ತಿರುಗಿದರೆ ಅಕ್ಕ ಮಂಚದಲ್ಲಿ ಇರಲಿಲ್ಲ. ಗೋಡೆ ಹಿಡಿದು, ಕುರ್ಚಿ ಹಿಡಿದು, ನನ್ನನ್ನು ಕರೆಯದೆ ಬಚ್ಚಲಮನೆಗೆ ಹೋಗಿದ್ದಳು. ಬೆನ್ನ ಹಿಂದೆ ಬಾಗಿಲು ಹಾಕಿಕೊಂಡಳು. ಫ್ಲಶ್ ಸದ್ದು ಕೇಳಿತು. ಅದು ಅರ್ಧ ತುಂಬುವ ಮೊದಲೇ ಮತ್ತೆ ಎಳೆದಳು. ಆಮೇಲೆ ಬಕೆಟ್ಟಿನಿಂದ ನೀರು ಸುರಿದ ಸದ್ದು. ಅಷ್ಟು ನೋವಿನಲ್ಲಿ ಬಕೆಟ್ ಎತ್ತುವ ಅಗತ್ಯ ಏನಿತ್ತು? ಹೊರಗೆ ಬಂದಾಗ ಕೇಳಿಯೇಬಿಟ್ಟೆ.

‘ಏನು ತೊಳೀತಿದ್ದೆ ಅಷ್ಟೊಂದು?’

ಅವಳು ನನ್ನ ಮುಖ ನೋಡಲಿಲ್ಲ. ‘ಬೀಟ್ರೂಟ್ ತಿಂದಿದ್ನಲ್ಲ. ಕೆಂಪಗೆ ಹೋಗತ್ತೆ, ಅಷ್ಟೇ.’

ನಾನು ನೇರ ಅಡಿಗೆಮನೆಗೆ ಹೋದೆ. ಫ್ರಿಜ್ ತೆಗೆದೆ. ಸೀಮೆಬದನೆ, ಹುರುಳಿಕಾಯಿ, ಅರ್ಧ ಕುಂಬಳಕಾಯಿ. ಬೀಟ್ರೂಟಿನ ಒಂದು ದಂಟೂ ಇಲ್ಲ. ಭಾವ ಅಲ್ಲೇ ಪೇಪರ್ ಓದುತ್ತಿದ್ದರು.

‘ಭಾವ, ನಿನ್ನೆ ಮೊನ್ನೆ ಬೀಟ್ರೂಟ್ ಮಾಡಿದ್ರಾ?’

‘ಬೀಟ್ರೂಟಾ? ಥೂ. ಅದು ಮಣ್ಣಿನ ವಾಸನೆ. ನಮ್ಮನೇಲಿ ಅದನ್ನ ಯಾವಾಗ ತಂದ್ವಿ?’

ಅಕ್ಕ ಸುಳ್ಳು ಹೇಳಿದ್ದಳು. ಆದರೂ ಒಂದು ಕಡೆ ನನ್ನ ಮೇಲೆ ನನಗೇ ನಂಬಿಕೆ ಸಾಲದು. ಪ್ರಸಾದ ಮೂಸುವವಳು ತಾನೇ ನಾನು? ಜೀವನಪೂರ್ತಿ ಎಲ್ಲದರಲ್ಲೂ ಹುಳುಕು ಹುಡುಕಿದವಳಿಗೆ ನಿಜವಾದ ಹುಳುಕು ಕಂಡಾಗ ಅದು ಗೊತ್ತಾಗುತ್ತದೆ ಎಂದು ಏನು ಖಾತ್ರಿ? ಹೋಗಿ ಅಕ್ಕನ ಪಕ್ಕದಲ್ಲಿ ಕೂತೆ. ಚೊಂಬು ತುಂಬ ನೀರು ಕೊಟ್ಟು ಕುಡಿಸಿದೆ. ಅವಳು ಮತ್ತೆ ಏಳುವುದನ್ನು ಕಾದೆ. ಎದ್ದಾಗ ಜೊತೆಗೆ ಹೋಗಿ ಬಚ್ಚಲ ಬಾಗಿಲಿಗೆ ಕಾಲು ಅಡ್ಡ ಇಟ್ಟೆ.

‘ಫ್ಲಶ್ ಮಾಡ್ಬೇಡ.’

‘ಏನು?’

‘ಫ್ಲಶ್ ಮಾಡ್ಬೇಡ ಅಂದೆ. ನಾನು ನೋಡ್ಬೇಕು.’

‘ನಾಚಿಕೆ ಆಗಲ್ವೇನೇ ನಿಂಗೆ? ನಾನೇನು ನಿನ್ನ ಸ್ಟೂಡೆಂಟಾ, ಚೀಟಿ ಹುಡ್ಕೋಕೆ?’ ಎಂದು ಕೂಗಿದಳು. ಆ ಕೂಗಿಗೆ ಭಾವ ಪೇಪರ್ ಬಿಟ್ಟು ಓಡಿಬಂದರು. ಅವಳು ಬಾಗಿಲು ತಳ್ಳಿದಳು, ನಾನು ಕಾಲು ತೆಗೆಯಲಿಲ್ಲ. ಕೊನೆಗೆ ಒಳಗಿನಿಂದ ತಳ್ಳುವುದು ನಿಂತಿತು. ಅವಳು ಅಳುತ್ತಿದ್ದಳು.

ಒಳಗೆ ಹೋಗಿ ನೋಡಿದೆ. ಕೆಂಪಲ್ಲ ಅದು. ಫಿಲ್ಟರಿನಲ್ಲಿ ಎರಡನೇ ಸಲ ಇಳಿಸಿದ ಡಿಕಾಕ್ಷನ್ನಿನ ಬಣ್ಣ.

‘ನಿನ್ನೆಯಿಂದ ಹೀಗೇ’ ಎಂದಳು ಅಕ್ಕ, ಗೋಡೆಗೆ ತಲೆ ಒರಗಿಸಿ. ‘ನಮ್ಮತ್ತೆಗೂ ಹೀಗೇ ಶುರುವಾಗಿದ್ದು. ಕ್ಯಾನ್ಸರ್ ಅಂದ್ರು. ನಂಗೂ ಅದೇ ಬಂತು ಅಂದ್ಕೊಂಡೆ. ಗೊತ್ತಾಗೋದೇ ಬೇಡ ಅನ್ನಿಸ್ತು.’

ತನ್ನ ಕಾಲಿಗೂ ಈ ಬಣ್ಣಕ್ಕೂ ಸಂಬಂಧ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಕಾಲಿನದು ನಾರ್ಮಲ್ ಎಂದು ಎಲ್ಲರೂ ಹೇಳಿದ್ದರು, ಅದನ್ನು ನಂಬಿದ್ದಳು. ಬಣ್ಣವನ್ನು ಒಬ್ಬಳೇ ಇಟ್ಟುಕೊಂಡು ಸಾವಿನವರೆಗೆ ಯೋಚಿಸಿಬಿಟ್ಟಿದ್ದಳು. ಅನುಮಾನ ನನ್ನ ಗುತ್ತಿಗೆ ಎಂದುಕೊಂಡಿದ್ದೆ. ಅವಳದು ನನ್ನದಕ್ಕಿಂತ ಘೋರವಾಗಿತ್ತು.

ಸಂಬಂಧ ಇದೆಯೆಂದು ನನಗೂ ಖಚಿತವಾಗಿ ಗೊತ್ತಿರಲಿಲ್ಲ. ಆದರೆ ಒಂದೇ ಮೈಯಲ್ಲಿ ಎರಡು ವಿಚಿತ್ರ ಒಟ್ಟೊಟ್ಟಿಗೆ ಕಾಣಿಸಿಕೊಂಡರೆ ಅವು ಒಂದಕ್ಕೊಂದು ಪರಿಚಯವಿಲ್ಲದವು ಎಂದು ನಾನು ಒಪ್ಪುವುದಿಲ್ಲ. ಭಾವನಿಗೆ ಆಟೋ ಕರೆಯಲು ಹೇಳಿದೆ. ಅಕ್ಕ ಮೆಟ್ಟಿಲು ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಭಾವ ಮತ್ತು ಆಟೋದವರು ಎರಡೂ ಕಡೆ ಹಿಡಿದು ಇಳಿಸಿದರು. ಪಕ್ಕದ ಮನೆಯವರೆಲ್ಲ ಗೇಟಿಗೆ ಬಂದು ನಿಂತರು. ‘ಏನಾಯ್ತು?’ ಎಂದರೆ ಅಕ್ಕ ಆ ಸ್ಥಿತಿಯಲ್ಲೂ, ‘ಏನಿಲ್ಲ, ಕಾಲು ಉಳುಕಿದೆ’ ಎಂದಳು.

ನರ್ಸಿಂಗ್ ಹೋಮಿನಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ತೊಡೆ ಒತ್ತಿ ನೋಡಿದರು. ಮೂತ್ರದ ಬಣ್ಣದ ವಿಷಯ ಕೇಳಿದ ಕೂಡಲೇ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

‘ಈಚೆಗೆ ಏನಾದ್ರೂ ಜಾಸ್ತಿ ಎಕ್ಸರ್‌ಸೈಜ್ ಮಾಡಿದ್ರಾ?’

 ನಾನು ಎಲ್ಲ ಹೇಳಿದೆ: ಬಸ್ಕಿ, ಸಂಕಷ್ಟಿ, ನೀರು ಕುಡಿಯದ್ದು, ಆಮೇಲೆ ನುಂಗಿದ ಮಾತ್ರೆ.

‘ಮಾತ್ರೆ ಇನ್ನು ಬೇಡ, ಅದು ಕಿಡ್ನಿಗೆ ಒಳ್ಳೇದಲ್ಲ ಈಗ’ ಎಂದು ಮೊದಲು ಅದನ್ನು ನಿಲ್ಲಿಸಿದರು. ‘ಕೆಲವು ಸಲ ಮಿತಿ ಮೀರಿ ಮಾಡಿದಾಗ ಸ್ನಾಯು ಬರೀ ನೋಯಲ್ಲ, ಒಡೆದುಹೋಗತ್ತೆ. ಒಳಗಿರೋದೆಲ್ಲ ರಕ್ತಕ್ಕೆ ಸೇರತ್ತೆ. ಅದನ್ನ ಸೋಸೋಕೆ ಹೋಗಿ ಕಿಡ್ನಿ ಕಷ್ಟಕ್ಕೆ ಸಿಕ್ಕೊಳತ್ತೆ. ಇದು ಅದೇ ಅಂತ ನಂಗಿನ್ನೂ ಗೊತ್ತಿಲ್ಲ. ರಕ್ತದ ರಿಪೋರ್ಟ್ ಬರ್ಲಿ. ಅಷ್ಟರಲ್ಲಿ ಸಲೈನ್ ಹಾಕ್ತೀನಿ. ಅಡ್ಮಿಟ್ ಆಗಿ.’

ಭಾವ ನನ್ನನ್ನು ಕಾರಿಡಾರಿಗೆ ಎಳೆದರು. ‘ಬಸ್ಕಿ ಹೊಡೆದಿದ್ದಕ್ಕೆ ಯಾರಾದ್ರೂ ಅಡ್ಮಿಟ್ ಮಾಡ್ತಾರೇನಮ್ಮಾ? ನಮ್ಮ ಕಾಲದಲ್ಲಿ ಮೇಷ್ಟ್ರು ದಿನಾ ಹೊಡೆಸ್ತಿದ್ರು. ಇವ್ರು ಬೆಡ್ ಖಾಲಿ ಇದೆ ಅಂತ ಹೇಳ್ತಿದಾರೆ. ನೀನಾದ್ರೂ ಕೇಳು, ನೀನು ಎಲ್ಲದಕ್ಕೂ ಕೇಳೋಳಲ್ವಾ!’

ಬೇರೆ ದಿನವಾಗಿದ್ದರೆ ಈ ಮಾತು ಮೊದಲು ನನ್ನ ಬಾಯಿಂದಲೇ ಬರುತ್ತಿತ್ತು. ನರ್ಸಿಂಗ್ ಹೋಮುಗಳನ್ನು ನಂಬುವ ಜಾತಿ ನನ್ನದಲ್ಲ. ಆದರೆ ಇಷ್ಟು ದಿನಗಳಲ್ಲಿ ಈ ನೋವಿನ ವಿಷಯವಾಗಿ ‘ನಂಗಿನ್ನೂ ಗೊತ್ತಿಲ್ಲ’ ಎಂದು ಹೇಳಿದವರು ಆ ಡಾಕ್ಟರು ಒಬ್ಬರೇ. ಪುಡಿಯವಳಿಗೆ ಗೊತ್ತಿತ್ತು, ಐಸಿನವಳಿಗೆ ಗೊತ್ತಿತ್ತು, ಭಾವನಿಗೆ ಗೊತ್ತಿತ್ತು, ಕಲಿಸುವ ಹುಡುಗಿಗಂತೂ ನೋಡದೆಯೇ ಗೊತ್ತಿತ್ತು.

‘ಅಡ್ಮಿಟ್ ಮಾಡೋಣ ಭಾವ’ ಎಂದೆ. ಭಾವ ನನ್ನನ್ನೇ ದಿಟ್ಟಿಸಿ ನೋಡಿದರು. ನಾನು ಯಾರನ್ನೋ ಅಷ್ಟು ಬೇಗ ನಂಬಿದ್ದು ಅವರಿಗೆ ಕಾಯಿಲೆಗಿಂತ ಹೆಚ್ಚು ಗಾಬರಿ ಹುಟ್ಟಿಸಿತೇನೋ, ನೇರ ಹೋಗಿ ಸಹಿ ಹಾಕಿದರು.

ರಿಪೋರ್ಟ್ ಬಂತು. ಡಾಕ್ಟರ ಊಹೆ ಸರಿಯಾಗಿತ್ತು. ಕಿಡ್ನಿಗೆ ಪೆಟ್ಟು ಬೀಳತೊಡಗಿತ್ತು, ಆದರೆ ಕೈ ಮೀರಿರಲಿಲ್ಲ. ಇನ್ನೊಂದಿಷ್ಟು ಕಾದಿದ್ದರೆ ಡಯಾಲಿಸಿಸ್ ಮಾತು ಬರುತ್ತಿತ್ತು ಎಂದರು. ಬಾಟಲಿಯ ಮೇಲೆ ಬಾಟಲಿ ಸಲೈನ್ ಇಳಿಯಿತು. ನಾನು ಮಂಚದ ಪಕ್ಕ ಸ್ಟೂಲಿನಲ್ಲಿ ಕೂತು ಆ ಹನಿಗಳನ್ನೇ ನೋಡುತ್ತಿದ್ದೆ. ನರ್ಸು ಬಂದು ಏನು ಚುಚ್ಚಿದರೂ ಹೆಸರು ಕೇಳುತ್ತಿದ್ದೆ. ‘ನಿಮ್ಮ ತಂಗಿ ಸಿಐಡಿನಾ?’ ಎಂದು ಅವರು ಅಕ್ಕನನ್ನು ಕೇಳಿದರಂತೆ. ‘ಅದಕ್ಕಿಂತ ಕಷ್ಟ’ ಎಂದಳಂತೆ ಅಕ್ಕ. ಡಿಕಾಕ್ಷನ್ನಿನ ಬಣ್ಣ ಚಹಾದ ಬಣ್ಣವಾಯಿತು, ಆಮೇಲೆ ಗೋಧಿಯ ಬಣ್ಣ. ನೀರಿನ ಹಾಗೆ ತಿಳಿಯಾದ ಬೆಳಿಗ್ಗೆ ಅಕ್ಕ ಬಚ್ಚಲಿನಿಂದ ತಾನೇ ನನ್ನನ್ನು ಕೂಗಿ ಕರೆದಳು. ಭಾವ ಕಾರಿಡಾರಿನಲ್ಲಿ ಕೈ ಮುಗಿದು ನಿಂತರು.

ಅಂದು ಮಧ್ಯಾಹ್ನ ಕಲಿಸುವ ಹುಡುಗಿ ಬಂದಳು. ಕೈಯಲ್ಲಿ ಎಳನೀರು, ಮುಖದಲ್ಲಿ ಆ ನಗು ಇಲ್ಲ. ನಾವು ಗುಂಪಿನಲ್ಲಿ ಏನಾದರೂ ಬರೆಯುತ್ತೇವೆಂಬ ಹೆದರಿಕೆಯಿಂದ ಬಂದಿದ್ದಾಳೆ ಎಂದು ನಾನು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

‘ಮ್ಯಾಮ್, ಅವತ್ತು ಉಪವಾಸ ಅಂತ ನಂಗೆ ಗೊತ್ತಿರ್ಲಿಲ್ಲ’ ಎಂದಳು.

‘ನೀವು ಕೇಳ್ಲಿಲ್ಲ.’

‘ನೀವೂ ಹೇಳ್ಲಿಲ್ಲ ಮ್ಯಾಮ್.’

‘ಕಾಲು ಎತ್ತೋಕಾಗ್ತಿಲ್ಲ ಅಂತ ಹೇಳಿದೆ. ಅದಕ್ಕೆ ಏನಂದ್ರಿ?’

ಅವಳು ಎಳನೀರಿನ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಅಕ್ಕ ಮಂಚದಿಂದಲೇ, ‘ಬಿಡೇ, ಅವಳೇನು ನನ್ನನ್ನ ಹಗ್ಗ ಕಟ್ಟಿ ಹೊಡೆಸಿದ್ಲಾ? ನಾನೇ ನಿಲ್ಲಿಸ್ಲಿಲ್ಲ’ ಎಂದಳು. ಹುಡುಗಿ ಕಣ್ಣೊರೆಸಿಕೊಂಡು, ‘ಅಷ್ಟು ಹೊತ್ತು ಯಾರೂ ಮಾಡಿದ್ದನ್ನ ನಾನು ನೋಡಿರ್ಲಿಲ್ಲ ಮ್ಯಾಮ್. ನಂಗೆ ಖುಷಿ ಆಗಿತ್ತು, ಅದ್ಕೇ ನಿಲ್ಲಿಸ್ಲಿಲ್ಲ’ ಎಂದಳು. ಆ ಮಾತು ನಿಜ ಎನ್ನಿಸಿತು. ನನಗೂ ಗೋಡೆಗೆ ಒರಗಿ ಕೂತಾಗ, ಹೆದರಿಕೆಯ ಪಕ್ಕದಲ್ಲೇ, ನಮ್ಮಕ್ಕ ಎಂಬ ಹೆಮ್ಮೆ ಇತ್ತಲ್ಲವೇ?

ಡಿಸ್ಚಾರ್ಜ್ ದಿನ ಡಾಕ್ಟರನ್ನು ನಾನು ಬಿಡಲಿಲ್ಲ. ಹಾಗಾದರೆ ಸಾಮಾನ್ಯ ಮೈಕೈ ನೋವಿಗೆ ಏನು ಮಾಡಬೇಕು, ಐಸೋ, ಎಣ್ಣೆಯೋ, ಪುಡಿಯೋ ಎಂದು ಕೇಳಿದೆ.

‘ಹಿತ ಅನ್ಸಿದ್ರೆ ಎಣ್ಣೆ ಹಚ್ಕೊಳ್ಳಿ, ಬಿಸಿನೀರು ಹಾಕ್ಕೊಳ್ಳಿ, ತೊಂದ್ರೆ ಇಲ್ಲ. ಮ್ಯಾಜಿಕ್ ಯಾವುದೂ ಇಲ್ಲ. ಮೆಲ್ಲಗೆ ಓಡಾಡಿ, ನೀರು ಕುಡೀರಿ, ಚೆನ್ನಾಗಿ ನಿದ್ದೆ ಮಾಡಿ. ಅದರ ಪಾಡಿಗೆ ಹೋಗತ್ತೆ. ದಿನ ಕಳೆದ ಹಾಗೆ ನೋವು ಕಮ್ಮಿ ಆಗ್ಬೇಕು, ಜಾಸ್ತಿ ಆಗ್ಬಾರ್ದು. ಊತ, ಶಕ್ತಿನೇ ಇಲ್ದಿರೋದು, ಆ ಬಣ್ಣ, ಇದು ಯಾವುದೂ ಸಾಮಾನ್ಯ ಅಲ್ಲ. ಬಂದ್ರೆ ಕಾಯ್ಬೇಡಿ, ಬಂದ್ಬಿಡಿ.’

ಭಾವ ಹಿಂದಿನಿಂದ, ‘ಎಣ್ಣೆ ಹಚ್ಬೋದು ಅಂದ್ರು, ಕೇಳ್ಸ್ಕೊಂಡ್ಯಾ?’ ಎಂದರು.

ಅಕ್ಕ ಕೆಲವು ವಾರ ಬರೀ ಮನೆಯೊಳಗೇ ಇದ್ದಳು. ಆಮೇಲೆ ಡಾಕ್ಟರು ಸರಿ ಎಂದ ಮೇಲೆ ನಾವಿಬ್ಬರೂ ಬ್ಯೂಗಲ್ ರಾಕ್ ಪಾರ್ಕಿಗೆ ನಡೆಯಲು ಶುರುಮಾಡಿದೆವು. ಬಾವಲಿಗಳು ನೇತಾಡುವ ಮರಗಳ ಕೆಳಗೆ, ವಾಕಿಂಗ್ ಬಂದ ಹಿರಿಯರೆಲ್ಲ ನಮ್ಮನ್ನು ದಾಟಿ ಮುಂದೆ ಹೋಗುತ್ತಿದ್ದರು. ಅಕ್ಕನಿಗೆ ಅದು ಸಹಿಸಲಾಗುತ್ತಿರಲಿಲ್ಲ. ಯಾರಾದರೂ ಪಕ್ಕದಿಂದ ಸರಿದು ಹೋದರೆ ಅವಳ ಹೆಜ್ಜೆ ಗೊತ್ತಿಲ್ಲದೆಯೇ ಬಿರುಸಾಗುತ್ತಿತ್ತು. ನಾನು ದುಪಟ್ಟಾ ಹಿಡಿದು ಎಳೆಯುತ್ತಿದ್ದೆ. ಅವಳ ತೊಡೆಗಳು ಬತ್ತಿ, ಚೂಡಿದಾರದ ಪ್ಯಾಂಟು ಸಡಿಲವಾಗಿತ್ತು. ಕಲ್ಲುಬೆಂಚಿನಿಂದ ಕೈ ಊರದೆ ಏಳುವುದನ್ನು ಮತ್ತೆ ಕಲಿತಳು, ಮಗು ಕಲಿತ ಹಾಗೆ. ಮೊದಲ ಸಲ ಎದ್ದು ನಿಂತಾಗ ಸುತ್ತ ನೋಡಿದಳು, ಯಾರಾದರೂ ನೋಡಿದರೇ ಎಂದು. ಯಾರೂ ನೋಡಿರಲಿಲ್ಲ.

ಮಳೆಗಾಲ ಬಂದ ಮೇಲೆ ತರಗತಿಗೆ ಮತ್ತೆ ಹೋದೆವು. ಹೋಗುವುದು ಬೇಡವೆಂದು ನಾನು, ಹೋಗಲೇಬೇಕೆಂದು ಅವಳು; ಕೊನೆಗೆ ನನ್ನ ಮೂಳೆಯ ನೆಪದಲ್ಲಿ ಅವಳೇ ಗೆದ್ದಳು. ಕಲಿಸುವ ಹುಡುಗಿ ಈಗ ಶುರುಮಾಡುವ ಮೊದಲು, ‘ಯಾರಾದ್ರೂ ಉಪವಾಸ ಇದೀರಾ? ನೀರು ಕುಡಿದಿದೀರಾ?’ ಎಂದು ಕೇಳುತ್ತಾಳೆ. ಸ್ಪರ್ಧೆ ನಿಂತಿದೆ. ಇದು ಎಷ್ಟು ದಿನ ನಡೆಯುತ್ತದೋ ಎಂದು ನಾನು ಗಮನಿಸುತ್ತಿರುತ್ತೇನೆ. ಹೊಸಬರು ಯಾರಾದರೂ ನೋವು ಎಂದರೆ ಅವಳು ನಾರ್ಮಲ್ ಎನ್ನಲು ಬಾಯಿ ತೆರೆದು, ನನ್ನ ಕಡೆ ಒಮ್ಮೆ ನೋಡಿ, ‘ಎಲ್ಲಿ, ಹೇಗೆ, ಯಾವಾಗಿಂದ?’ ಎಂದು ಕೇಳುತ್ತಾಳೆ. ಅಕ್ಕ ಸಂಕಷ್ಟಿಯ ದಿನ ತರಗತಿಗೆ ಬರುವುದಿಲ್ಲ. ಉಪವಾಸ ಬಿಟ್ಟಿಲ್ಲ, ಆದರೆ ನೀರು ಕುಡಿಯುತ್ತಾಳೆ. ದೇವರಿಗೆ ತಪ್ಪುಗಾಣಿಕೆ ಹಾಕಿ ಕುಡಿಯುತ್ತಾಳೆ, ಅಷ್ಟೇ.

ಮೊನ್ನೆ ತರಗತಿಯಿಂದ ಬರುವಾಗ ಅವಳ ಬಲಗಾಲು ಸ್ವಲ್ಪ ಎಳೆದ ಹಾಗೆ ಕಂಡಿತು. ಕೇಳಿದರೆ ಏನಿಲ್ಲ ಎಂದಳು. ಮೆಟ್ಟಿಲ ಬುಡದಲ್ಲಿ ನಾನು ನಿಂತೇ ಇದ್ದೆ.

‘ಏನೇ ನೋಡ್ತಿದೀಯ?’

‘ಏನಿಲ್ಲ. ಹತ್ತು.’

‘ಹೊಸ ಚಪ್ಪಲಿ ಕಚ್ತಾ ಇದೆ. ಬೇಕಿದ್ರೆ ಪಾದ ತೋರಿಸ್ತೀನಿ.’

‘ತೋರ್ಸು’ ಎಂದೆ.

ಅಕ್ಕ ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಹೆಬ್ಬೆರಳ ಪಕ್ಕ ಎದ್ದಿದ್ದ ಬೊಬ್ಬೆಯನ್ನು ಬೆಳಕಿಗೆ ಹಿಡಿದಳು. ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ಬೊಬ್ಬೆಯೇ ಹೌದು. ಅವಳು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಕಂಬಿ ಮುಟ್ಟದೆ, ಬರಿಗಾಲಲ್ಲಿ ಹತ್ತಿ ಹೋದಳು.